ಜರ್ಮನಿಯ ರೈಲಿನಲ್ಲಿ ಇಷ್ಟೊಂದು ಇಂಗ್ಲಿಷ್ ಹೆಸರು ಯಾಕೆ?

ಹಾಸನದಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಎರಡು ವರ್ಷದಿಂದ ಸ್ಟುಟ್‌ಗಾರ್ಟ್ ಹತ್ತಿರ ಇದ್ದೇನೆ. ಕೆಲಸಕ್ಕೆ ದಿನಾ ರೈಲಿನಲ್ಲೇ ಓಡಾಟ, ಸಂಜೆ ಜರ್ಮನ್ ಕ್ಲಾಸು. ಕ್ಲಾಸಿನಲ್ಲಿ ಟಿಕೆಟ್ಟಿಗೆ 'ಫಾರ್‌ಕಾರ್ಟೆ' ಅಂತ ಹೇಳಿಕೊಟ್ಟರು. ಚೆನ್ನಾಗಿ ಬಾಯಿಪಾಠ ಮಾಡಿಕೊಂಡೆ. ಆಚೆ ಬಂದರೆ ನನ್ನ ಕೈಯಲ್ಲಿ ಇರುವುದು 'ಡಾಯ್ಚ್‌ಲಾಂಡ್‌ಟಿಕೆಟ್'. ಹತ್ತುವ ರೈಲು 'ಇಂಟರ್‌ಸಿಟಿ', ಅದಕ್ಕಿಂತ ಜೋರಾಗಿ ಓಡುವುದು 'ಇಂಟರ್‌ಸಿಟಿ ಎಕ್ಸ್‌ಪ್ರೆಸ್', ರಿಯಾಯಿತಿ ಕಾರ್ಡು 'ಬಾನ್‌ಕಾರ್ಡ್', ಕಾಯುವ ಕೋಣೆ 'ಲೌಂಜ್', ಬಾಡಿಗೆ ಸೈಕಲ್ಲು 'ಕಾಲ್ ಎ ಬೈಕ್'. ಇಷ್ಟು ದೊಡ್ಡ ದೇಶ, ಇಷ್ಟು ಗಟ್ಟಿ ಭಾಷೆ, ಆದರೂ ಹೀಗೆ.

ಕೇಳಲೇಬೇಕು ಅನ್ನಿಸಿದ್ದು ಹೋದ ವಾರ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದಾರೆ. ಅವರ ಮೊಮ್ಮಗಳನ್ನು ರೈಲು ಹತ್ತಿಸಲು ನಾನೂ ಜೊತೆಗೆ ಹೋಗಿದ್ದೆ. ನಿಲ್ದಾಣದ ಮುಂದೆ ಕಾರು ಒಂದು ನಿಮಿಷ ನಿಲ್ಲಿಸಿ ಜನರನ್ನು ಇಳಿಸುವ ಜಾಗ ಇರುತ್ತಲ್ಲ, ಅಲ್ಲಿ 'ಕಿಸ್ ಅಂಡ್ ರೈಡ್' ಅಂತ ಬೋರ್ಡು. ಅಜ್ಜಿ ಬೋರ್ಡು ನೋಡಿದರು, ನನ್ನ ಮುಖ ನೋಡಿದರು, ಇದರ ಅರ್ಥ ಏನಪ್ಪಾ ಅಂತ ಕೇಳಿದರು. ಅವರದೇ ಊರಿನ ಬೋರ್ಡನ್ನು ಏಳು ಸಾವಿರ ಕಿಲೋಮೀಟರ್ ಆಚೆಯಿಂದ ಬಂದ ನಾನು ಬಿಡಿಸಿ ಹೇಳಬೇಕಾಯಿತು. ಮನಸ್ಸಿಗೆ ಕಸಿವಿಸಿ ಆಯಿತು.

ಇಲ್ಲಿ ಯಾರೂ ಇದನ್ನು ವಿರೋಧಿಸಲಿಲ್ವಾ? ಬೇರೆ ದೇಶಗಳಲ್ಲೂ ಹೀಗೇನಾ? ಗೊತ್ತಿರುವವರು ದಯವಿಟ್ಟು ಬರೆಯಿರಿ.

ಹಳಿಜಾಡು:

ನಿಮಗೆ ಕ್ಲಾಸಿನಲ್ಲಿ ಹೇಳಿಕೊಟ್ಟ 'ಫಾರ್‌ಕಾರ್ಟೆ' ಇದೆಯಲ್ಲ, ಅದೂ ಒಂದು ಕಾಲದಲ್ಲಿ ಹೊಸ ಪದವೇ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ರೈಲಿನ ತುಂಬ ಫ್ರೆಂಚ್ ಪದ. ಟಿಕೆಟ್ಟಿಗೆ 'ಬಿಲೆಟ್', ಪ್ಲಾಟ್‌ಫಾರ್ಮಿಗೆ 'ಪೆರೋನ್', ಬೋಗಿಯೊಳಗಿನ ಕೋಣೆಗೆ 'ಕುಪೇ'. (ನಮ್ಮ ರೈಲಿನ ಫಸ್ಟ್ ಕ್ಲಾಸಿನಲ್ಲಿ ಇಬ್ಬರು ಮಲಗುವ ಕೋಣೆಗೆ ಇವತ್ತಿಗೂ ಕೂಪೆ ಅಂತೀವಲ್ಲ, ಅದೇ ಇದು.) ಆ ಶತಮಾನದ ಕೊನೆಗೆ ಪ್ರಷ್ಯಾ ಸರ್ಕಾರದ ಒಟ್ಟೊ ಸಾರಾತ್ಸಿನ್ ಅನ್ನುವ ಅಧಿಕಾರಿ ಕೂತು ಇವಕ್ಕೆಲ್ಲ ಜರ್ಮನ್ ಪದ ತಂದರು. ಬಿಲೆಟ್ ಹೋಗಿ 'ಫಾರ್‌ಕಾರ್ಟೆ' ಬಂತು, ಅಂದರೆ ಪ್ರಯಾಣದ ಚೀಟಿ. ಪೆರೋನ್ ಹೋಗಿ 'ಬಾನ್‌ಶ್ಟೈಗ್', ಕುಪೇ ಹೋಗಿ 'ಆಪ್‌ಟೈಲ್'. ಈಗ ಬಾನ್‌ಶ್ಟೈಗ್ ಅನ್ನುವುದು ಸರ್ಕಾರಿ ಪದ ಅಂತ ಯಾರಿಗೂ ಅನ್ನಿಸುವುದೇ ಇಲ್ಲ. ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಹೋಗಿ ನೋಡಿ, ಅಲ್ಲಿ ಜರ್ಮನ್ ಮಾತಾಡುವವರೇ ಇನ್ನೂ ಬಿಲೆಟ್, ಪೆರೋನ್ ಅಂತಾರೆ. ಆ ಬದಲಾವಣೆ ಅಲ್ಲಿಗೆ ಮುಟ್ಟಲಿಲ್ಲ.

ಇಂಗ್ಲಿಷ್ ಬಂದಿದ್ದು ಆಮೇಲೆ. 1971ರಲ್ಲಿ ಪಶ್ಚಿಮ ಜರ್ಮನಿಯ ರೈಲ್ವೆ 'ಇಂಟರ್‌ಸಿಟಿ' ಶುರು ಮಾಡಿತು. ಆಗ ಅದು ಬರೀ ಫಸ್ಟ್ ಕ್ಲಾಸ್ ಗಾಡಿ. ಈ ಹೆಸರು ಬ್ರಿಟನ್ನಿನ ರೈಲ್ವೆಯಲ್ಲಿ ಮೊದಲೇ ಚಾಲ್ತಿಯಲ್ಲಿತ್ತು. 1991ರ ಜೂನ್‌ನಲ್ಲಿ ಇಂಟರ್‌ಸಿಟಿ ಎಕ್ಸ್‌ಪ್ರೆಸ್ ಬಂತು, 1992ರಲ್ಲಿ ಬಾನ್‌ಕಾರ್ಡ್. 1994ರ ಜನವರಿ 1ಕ್ಕೆ ಪೂರ್ವದ ರೈಲ್ವೆ, ಪಶ್ಚಿಮದ ರೈಲ್ವೆ ಎರಡೂ ಸೇರಿ ಕಂಪನಿ ಆಯಿತು, ಡಾಯ್ಚ ಬಾನ್ (ಡಿಬಿ). ಇಂಗ್ಲಿಷ್ ಸುರಿಮಳೆ ಜಾಸ್ತಿ ಆಗಿದ್ದು ಇಲ್ಲಿಂದಾಚೆಗೆ. ಅದುವರೆಗೆ ಸರ್ಕಾರಿ ಇಲಾಖೆ ಥರ ಇದ್ದದ್ದು, ಈಗ ವಿಮಾನದವರ ಜೊತೆ ಪೈಪೋಟಿಗೆ ಇಳಿಯಬೇಕಾಯಿತು. ವಿಮಾನ ನಿಲ್ದಾಣದ ಮಾತೆಲ್ಲ ರೈಲು ನಿಲ್ದಾಣಕ್ಕೆ ಬಂತು. ವಿಚಾರಣೆ ಕೌಂಟರಿಗೆ 'ಸರ್ವಿಸ್ ಪಾಯಿಂಟ್', ಕಾಯುವ ಕೋಣೆಗೆ 'ಲೌಂಜ್'. ಆಸ್ಟ್ರಿಯಾದವರಂತೂ 'ಜೆಟ್' ಅನ್ನುವ ಪದವನ್ನೇ ತಂದು ಅಂಟಿಸಿದರು. 2008ರಲ್ಲಿ 'ರೈಲ್‌ಜೆಟ್', 2016ರಲ್ಲಿ ರಾತ್ರಿ ಗಾಡಿಗೆ 'ನೈಟ್‌ಜೆಟ್'.

ವಿರೋಧ ಖಂಡಿತ ಬಂತು. 2009ರಿಂದ 2013ರವರೆಗೆ ಸಾರಿಗೆ ಮಂತ್ರಿ ಆಗಿದ್ದ ಪೀಟರ್ ರಾಮ್‌ಸವರ್ ತಮ್ಮ ಸಚಿವಾಲಯದಲ್ಲೇ ಲ್ಯಾಪ್‌ಟಾಪ್, ಟಿಕೆಟ್ ಅನ್ನುವ ಪದಗಳನ್ನು ಬಿಡಿಸಿದವರು. 2010ರಲ್ಲಿ ರೈಲ್ವೆಯ ಮುಖ್ಯಸ್ಥರೂ ಇಂಗ್ಲಿಷ್ ಕಡಿಮೆ ಮಾಡುತ್ತೇವೆ ಅಂದರು. 2013ರಲ್ಲಿ ನೌಕರರಿಗೆ ಸುಮಾರು 2,200 ಇಂಗ್ಲಿಷ್ ಪದಗಳ ಪಟ್ಟಿ ಕೊಟ್ಟು ಇವಕ್ಕೆ ಬದಲು ಜರ್ಮನ್ ಬಳಸಿ ಅಂತ ಹೇಳಿದರು. ಫ್ಲೈಯರ್ ಬದಲು 'ಹಾಂಡ್‌ತ್ಸೆಟೆಲ್', ಅಂದರೆ ಕೈಚೀಟಿ. ನಮ್ಮ ಕರಪತ್ರ ಇದ್ದ ಹಾಗೆ. ಆದರೆ ಇಂಟರ್‌ಸಿಟಿ, ಬಾನ್‌ಕಾರ್ಡ್ ಇವನ್ನು ಮುಟ್ಟಲಿಲ್ಲ. ಜನರಿಗೆ ರೂಢಿ ಆಗಿಬಿಟ್ಟಿದೆ ಅನ್ನುವುದು ಕಾರಣ. ಸರ್ವಿಸ್ ಪಾಯಿಂಟ್ ಮಾತ್ರ ಆಮೇಲೆ 'ಡಿಬಿ ಇನ್‌ಫರ್ಮಾತ್ಸಿಯೋನ್' ಆಯಿತು.

ತುಂಗಾತೀರ:

ನಾನು ಬೇರೆ ಕಡೆಯಿಂದ ಯೋಚನೆ ಮಾಡುತ್ತೇನೆ. ಎರಡು ವರ್ಷದ ಹಿಂದೆ ಅಪ್ಪ ಅಮ್ಮನ ಜೊತೆ ಯುರೋಪಿಗೆ ಹೋಗಿದ್ದೆ. ಅಪ್ಪನಿಗೆ ಮಂಡಿ ನೋವು, ಅಮ್ಮನಿಗೆ ಪ್ರತಿ ನಿಲ್ದಾಣದಲ್ಲೂ ರೈಲು ತಪ್ಪಿಹೋಗುತ್ತೆ ಅನ್ನುವ ಭಯ. ಅಂಥ ಹೊತ್ತಿನಲ್ಲಿ ಇಂಗ್ಲಿಷ್ ಬೋರ್ಡು ಕಂಡರೆ ಹೋದ ಜೀವ ಬಂದ ಹಾಗೆ ಆಗುತ್ತಿತ್ತು. ನಮ್ಮಂಥವರಿಗೆ ಅನುಕೂಲ ಅಲ್ವಾ? ಬರೀ ಜರ್ಮನ್ ಇದ್ದಿದ್ದರೆ ನಾವು ಏನು ಮಾಡಬೇಕಿತ್ತು?

ಹಳಿಜಾಡು:

ತುಂಗಾತೀರ ಅವರೇ, ನಿಮ್ಮ ಮಾತು ಸರಿ. ಆದರೆ ಇಲ್ಲಿ ಎರಡು ವಿಷಯ ಕಲೆತುಹೋಗಿವೆ. ಮಾಹಿತಿ ಬೇರೆ, ಹೆಸರು ಬೇರೆ. ಮೇಲೆ ಜರ್ಮನ್, ಕೆಳಗೆ ಇಂಗ್ಲಿಷ್ ಅಂತ ಬೋರ್ಡು ಹಾಕಿದರೆ ಅಜ್ಜಿಗೂ ಅರ್ಥ ಆಗುತ್ತೆ, ನಿಮ್ಮ ಅಮ್ಮನಿಗೂ ಆಗುತ್ತೆ. ಹೆಸರನ್ನೇ ಇಂಗ್ಲಿಷ್ ಮಾಡಿದರೆ ಜರ್ಮನ್ ಇಡೋದಕ್ಕೆ ಜಾಗವೇ ಉಳಿಯುವುದಿಲ್ಲ. 'ಕಿಸ್ ಅಂಡ್ ರೈಡ್' ಅಂತ ಓದಿದ ಕೂಡಲೇ ಇಲ್ಲಿ ಒಂದು ನಿಮಿಷ ಮಾತ್ರ ಕಾರು ನಿಲ್ಲಿಸಬಹುದು ಅಂತ ನಿಮಗೆ ಹೊಳೆಯುತ್ತಾ? ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ಯಾರಾದರೂ ಬಿಡಿಸಿ ಹೇಳಬೇಕು.

ಕನ್ಸಾಯ್‌ಕನ್ನಡಿಗ:

ಜಪಾನಿನ ಕಥೆ ನಾನು ಹೇಳುತ್ತೇನೆ. ಓಸಾಕಾದಲ್ಲಿ ಒಂಬತ್ತು ವರ್ಷ ಆಯಿತು. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

1987ರ ಏಪ್ರಿಲ್ 1ಕ್ಕೆ ಇಲ್ಲಿ ರಾಷ್ಟ್ರೀಯ ರೈಲ್ವೆಯನ್ನು ಒಡೆದು ಕಂಪನಿಗಳು ಮಾಡಿದರು. ಅದುವರೆಗೆ ಜನ 'ಕೊಕುತೆತ್ಸು' ಅನ್ನುತ್ತಿದ್ದರು, ಅಂದರೆ ದೇಶದ ರೈಲು. ಹೊಸ ಹೆಸರು ಬರೀ ಎರಡು ಇಂಗ್ಲಿಷ್ ಅಕ್ಷರ, 'ಜೆಆರ್'. ಅದು ನಿಂತಿತು. ಟೋಕಿಯೋದ ಲೋಕಲ್ ರೈಲಿಗೆ 'ಕೊಕುದೆನ್' ಅಂತಿದ್ದ ಹೆಸರೂ ಬದಲಾಗಬೇಕಿತ್ತು. ಜನರಿಂದ ಹೆಸರು ಕೇಳಿದರು, ಕೊನೆಗೆ 'ಇ-ದೆನ್' ಅಂತ ಆರಿಸಿದರು, ಇಂಗ್ಲಿಷಿನ ಇ ಅಕ್ಷರ ಹಾಕಿ. ಅದನ್ನು ಯಾರೂ ಬಾಯಲ್ಲಿ ಆಡಲೇ ಇಲ್ಲ. ಕೆಲವೇ ವರ್ಷದಲ್ಲಿ ಸತ್ತುಹೋಯಿತು. ಹೊಸ ಹೆಸರಿನ ಮಟ್ಟಿಗೆ ಕೊನೆಯ ಮಾತು ದಿನಾ ಓಡಾಡುವವರದ್ದೇ ಅಂತ ನನಗೆ ಅನ್ನಿಸುತ್ತದೆ.

ಆದರೆ ಒಂದು ಕಡೆ ಜನ ಸೋತರು. ಟೋಕಿಯೋದ ಯಾಮಾನೊತೆ ಲೈನಿನಲ್ಲಿ 1971ರಿಂದ ಹೊಸ ನಿಲ್ದಾಣವೇ ಬಂದಿರಲಿಲ್ಲ. ಶಿನಾಗಾವಾ ಪಕ್ಕದಲ್ಲಿ ಹೊಸದು ಕಟ್ಟುವಾಗ 2018ರಲ್ಲಿ ಜನರಿಂದ ಹೆಸರು ಕೇಳಿದರು. 64,052 ಸಲಹೆ ಬಂದವು. ಮೊದಲ ಸ್ಥಾನದಲ್ಲಿ 'ತಾಕಾನಾವಾ', ಆ ಜಾಗದ ಹಳೇ ಹೆಸರು, 8,398 ಜನ ಬರೆದಿದ್ದರು. ಕೊನೆಗೆ ಇಟ್ಟ ಹೆಸರು 'ತಾಕಾನಾವಾ ಗೇಟ್‌ವೇ'. ಅದನ್ನು ಸೂಚಿಸಿದವರು 36 ಜನ. ಪಟ್ಟಿಯಲ್ಲಿ 130ನೇ ಸ್ಥಾನ. ಹಿಂದೆ ಎದೋ ಊರಿಗೆ (ಟೋಕಿಯೋದ ಹಳೇ ಹೆಸರು) ಬರುವ ದಾರಿಯಲ್ಲಿ ಅಲ್ಲೊಂದು ದೊಡ್ಡ ಬಾಗಿಲು ಇತ್ತು, ಅದನ್ನು ನೆನಪಿಸೋಕೆ ಗೇಟ್‌ವೇ ಅಂತ ಕಾರಣ ಕೊಟ್ಟರು. ಆ ಬಾಗಿಲಿಗೆ ಜಪಾನಿ ಹೆಸರೇ ಇತ್ತು, 'ಓಕಿದೊ' ಅಂತ! ಸಾವಿರಾರು ಜನ ಸಹಿ ಹಾಕಿ ಹೆಸರು ಬದಲಿಸಿ ಅಂದರು. ಆಗಲಿಲ್ಲ. 2020ರ ಮಾರ್ಚ್ 14ಕ್ಕೆ ಅದೇ ಹೆಸರಲ್ಲಿ ನಿಲ್ದಾಣ ತೆರೆಯಿತು. ನಾನು ಟೋಕಿಯೋಗೆ ಹೋದಾಗ ನೋಡಿಕೊಂಡು ಬಂದೆ. ಮರದ ಚೌಕಟ್ಟಿಗೆ ಬಿಳಿ ಬಟ್ಟೆಯಂಥ ಚಾವಣಿ, ಒಳಗೆಲ್ಲ ಹಗಲಿನ ಬೆಳಕು, ನಿಲ್ದಾಣ ತುಂಬಾ ಚೆನ್ನಾಗಿದೆ. ಬೋರ್ಡಿನಲ್ಲಿ ತಾಕಾನಾವಾ ಅನ್ನುವುದು ಎರಡೇ ಚಿತ್ರಾಕ್ಷರ, ಅದರ ಪಕ್ಕದಲ್ಲಿ ಗೇಟ್‌ವೇ ಅನ್ನುವುದು ಬೇರೆ ಲಿಪಿಯಲ್ಲಿ ಆರು ಅಕ್ಷರ. ಊರಿನ ಹೆಸರು ಒಂದು ಮೂಲೆಗೆ ಸರಿದು ನಿಂತ ಹಾಗೆ ಕಾಣುತ್ತೆ.

ಇನ್ನೊಂದು ಕಡೆ ನೋಡಿ. ನಮ್ಮ ಓಸಾಕಾ ಕಡೆಯ ರೈಲು ಕಾರ್ಡಿನ ಹೆಸರು 'ಇಕೋಕಾ', 2003ರಲ್ಲಿ ಬಂದದ್ದು. ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ, ಆದರೆ ಇಲ್ಲಿಯ ಆಡುಮಾತಿನಲ್ಲಿ 'ಇಕೊ ಕಾ' ಅಂದರೆ 'ಹೋಗೋಣ್ವಾ' ಅಂತ. ಟೋಕಿಯೋದ ಶಿಷ್ಟ ಜಪಾನಿ ಅಲ್ಲ, ಪಕ್ಕಾ ಕನ್ಸಾಯ್ ಮಾತು. ಗೇಟಿಗೆ ಕಾರ್ಡು ತಾಗಿಸುವಾಗ ಇಷ್ಟು ವರ್ಷ ಆದರೂ ನನಗೆ ಖುಷಿ ಆಗುತ್ತೆ. 'ನಮ್ಮ ಮೆಟ್ರೋ' ಅಂತ ಹೆಸರು ಇಟ್ಟಾಗ ಬೆಂಗಳೂರಿನಲ್ಲಿ ಆಯಿತಲ್ಲ, ಅದೇ ಖುಷಿ. ಮೆಟ್ರೋ ಹೊರಗಿನ ಪದ, ಇರಲಿ, ಮುಂದೆ 'ನಮ್ಮ' ಇದೆ.

ಬುಲೆಟ್ ಗಾಡಿಗಳ ಹೆಸರಂತೂ ಹಿಕಾರಿ, ಕೊದಾಮಾ, ನೊಜೋಮಿ. ಬೆಳಕು, ಮಾರ್ದನಿ, ಆಸೆ. ಈ ಮೂರು ಹೆಸರಿನಲ್ಲಿ ಇಂಗ್ಲಿಷ್ ಇಲ್ಲ.

ಮೂರನೇಪ್ಲಾಟ್‌ಫಾರ್ಮ್:

ಫ್ರಾನ್ಸಿನ ಬಗ್ಗೆ ಎರಡು ಸಾಲು. ಅಲ್ಲಿ 1994ರಿಂದ ಫ್ರೆಂಚ್ ಕಡ್ಡಾಯ ಮಾಡುವ ಕಾನೂನು ಇದೆ, ಟೂಬಾನ್ ಕಾನೂನು ಅಂತಾರೆ. ಅಂಥ ಕಡೆಯೂ 2013ರಲ್ಲಿ ಬಂದ ಅಗ್ಗದ ರೈಲಿಗೆ 'ವಿಗೋ' ಅಂತ ಹೆಸರು. ಬರೆಯುವಾಗ ಮೊದಲ ಭಾಗ ಫ್ರೆಂಚಿನ 'ಹೌದು', ಕೇಳುವಾಗ ಪೂರ್ತಿ ಇಂಗ್ಲಿಷಿನ 'ವಿ ಗೋ', ನಾವು ಹೋಗ್ತೀವಿ ಅಂತ.

ಇಂಡೋನೇಷ್ಯಾದಲ್ಲಿ 2023ರಲ್ಲಿ ಶುರುವಾದ ಜಕಾರ್ತಾ–ಬಾಂಡುಂಗ್ ರೈಲಿನ ಹೆಸರು 'ವುಶ್', ಗಾಳಿ ಸೀಳುವ ಶಬ್ದ. ಅದರ ಅಕ್ಷರಗಳಿಗೆ ಸಮಯ ಉಳಿತಾಯ, ಒಳ್ಳೆ ಕಾರ್ಯಾಚರಣೆ, ಅದ್ಭುತ ವ್ಯವಸ್ಥೆ ಅಂತ ಇಂಡೋನೇಷ್ಯಾ ಭಾಷೆಯಲ್ಲಿ ಅರ್ಥ ಹೊಂದಿಸಿದ್ದಾರೆ. ಜಕಾರ್ತಾದ ಮೆಟ್ರೋ 'ಎಂಆರ್‌ಟಿ'ಗೂ ಹಾಗೇ, ಅಕ್ಷರ ಇಂಗ್ಲಿಷಿನದೇ ಉಳಿಸಿಕೊಂಡು ಪದ ಮಾತ್ರ ತಮ್ಮದು ಮಾಡಿಕೊಂಡರು, 'ಮೋದಾ ರಾಯಾ ತೆರ್‌ಪಾದು' ಅಂತ. ನನಗೆ ಈ ಜಾಣ್ಮೆ ಹಿಡಿಸಿತು.

ಬ್ರಸೆಲ್ಸ್‌ಬೆಳಗಾವಿ:

ಬೆಲ್ಜಿಯಂನ ಲೆಕ್ಕವೇ ಬೇರೆ. ನಾನು ಬೆಳಗಾವಿಯವಳು, ಎರಡು ಭಾಷೆ ಒಂದೇ ಊರಲ್ಲಿ ಇದ್ದರೆ ಬೋರ್ಡಿನ ವಿಷಯ ಎಷ್ಟು ಸೂಕ್ಷ್ಮ ಅಂತ ಚಿಕ್ಕಂದಿನಿಂದ ನೋಡಿದ್ದೇನೆ. ಇಲ್ಲಿ ಉತ್ತರಕ್ಕೆ ಡಚ್, ದಕ್ಷಿಣಕ್ಕೆ ಫ್ರೆಂಚ್, ಬ್ರಸೆಲ್ಸ್‌ನಲ್ಲಿ ಎರಡೂ. ದಕ್ಷಿಣದ ಮಾನ್ಸ್ ಊರಿಗೆ ಹೋಗುವ ರೈಲು ಡಚ್ ಕಡೆಯ ನಿಲ್ದಾಣದ ಬೋರ್ಡಿನಲ್ಲಿ 'ಬೆರ್ಗೆನ್' ಅಂತ ಬರುತ್ತೆ. ಎರಡಕ್ಕೂ ಅರ್ಥ ಬೆಟ್ಟ. ಗೊತ್ತಿಲ್ಲದವರು ಬೇರೆ ಊರು ಅಂದುಕೊಂಡು ಪ್ಲಾಟ್‌ಫಾರ್ಮಿನಲ್ಲೇ ನಿಂತುಬಿಡುತ್ತಾರೆ, ಹೊಸದರಲ್ಲಿ ನಾನೂ ನಿಂತಿದ್ದೆ. 2024ರಲ್ಲಿ ಡಚ್ ಕಡೆಯಲ್ಲಿ ಒಬ್ಬ ಕಂಡಕ್ಟರ್ ಡಚ್‌ನಲ್ಲಿ ನಮಸ್ಕಾರ ಹೇಳಿ ಜೊತೆಗೆ 'ಬೊಂಜೂರ್' ಅಂದಿದ್ದಕ್ಕೆ ಪ್ರಯಾಣಿಕರೊಬ್ಬರು ದೂರು ಕೊಟ್ಟು ದೇಶದ ತುಂಬ ಸುದ್ದಿ ಆಯಿತು. ಇಂಥ ಕಡೆ ಟಿಕೆಟ್ಟಿಗೆ ಯಾವ ಭಾಷೆಯ ಹೆಸರು ಇಡ್ತೀರಿ? ಹಾಗಾಗಿ ವರ್ಷಗಟ್ಟಲೆ ಹುಡುಗರ ಟಿಕೆಟ್ಟಿಗೆ 'ಗೋ ಪಾಸ್', ದೊಡ್ಡವರದ್ದಕ್ಕೆ 'ರೈಲ್ ಪಾಸ್', ಹತ್ತಿರದ ಊರಿಗೆ 'ಕೀ ಕಾರ್ಡ್' ಅಂತ ಹೆಸರು ಇತ್ತು. ಇಂಗ್ಲಿಷ್ ಇಲ್ಲಿ ಇಬ್ಬರದ್ದೂ ಅಲ್ಲ, ಅದಕ್ಕೇ ಜಗಳ ಇಲ್ಲ. ಜರ್ಮನಿಗೆ ಆ ಕಷ್ಟ ಇರಲಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಕೈಮರ:

ನಾನು ರೈಲ್ವೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಿ ಆದವನು. ಹೊರದೇಶ ನೋಡಿಲ್ಲ. ಆದರೆ ನೀವೆಲ್ಲ ಬರೆದದ್ದು ಓದಿ ಒಂದು ಮಾತು ಹೇಳಬೇಕು ಅನ್ನಿಸಿತು. ಟೇಶನ್ನು, ಟಿಕೇಟು, ಗಾರ್ಡು, ಇಂಜಿನ್ನು, ಇವೆಲ್ಲ ನಮ್ಮ ಜನ ತಾವೇ ಬಾಯಲ್ಲಿ ಹಾಕಿಕೊಂಡು ಸವೆಸಿ ಕನ್ನಡ ಮಾಡಿಕೊಂಡ ಪದಗಳು. ಅವುಗಳ ಬಗ್ಗೆ ನನಗೆ ತಕರಾರಿಲ್ಲ. ಅದೇ ಜನ ಸಿಗ್ನಲ್ ಕಂಬಕ್ಕೆ 'ಕೈಮರ' ಅಂತಲೂ ಹೆಸರು ಇಟ್ಟರು. ಕೈ ಚಾಚಿದ ಮರದ ಹಾಗೆ ಇತ್ತಲ್ಲ, ನೋಡಿದ ಕೂಡಲೇ ಹುಟ್ಟಿದ ಪದ. ಹಳ್ಳಿ ಗೇಟಿನಲ್ಲಿ ಡ್ಯೂಟಿ ಮಾಡುವಾಗ ಹೆಂಗಸರು ದೂರದಿಂದ ಕೂಗಿ 'ಕೈಮರ ಬಿತ್ತಾ ಅಣ್ಣಾ' ಅಂತ ಕೇಳುತ್ತಿದ್ದರು. ಆಫೀಸಿನಲ್ಲಿ ಕೂತು ಇಟ್ಟ ಹೆಸರನ್ನು ಯಾರೂ ಹಾಗೆ ಕೂಗಿ ಕೇಳಿದ್ದು ನಾನು ಕಂಡಿಲ್ಲ.

ಹಾಸನದಹುಡುಗ:

ಎಲ್ಲರಿಗೂ ತುಂಬಾ ಧನ್ಯವಾದ. ಕೈಮರ ಸರ್, ನಿಮ್ಮ ಮಾತು ಓದಿ ನಿನ್ನೆ ಸಂಜೆ ಅಜ್ಜಿ ಮನೆಗೆ ಹೋಗಿದ್ದೆ. ನೀವು ಚಿಕ್ಕವರಿದ್ದಾಗ ಗಾಡಿಗಳಿಗೆ ಏನಂತಿದ್ದಿರಿ ಅಂತ ಕೇಳಿದೆ. ಕನ್ನಡಕ ಹಾಕಿಕೊಂಡು ಒಂದು ಹಳೇ ಲಕೋಟೆಯ ಹಿಂದೆ ಬರೆದುಕೊಟ್ಟರು. 'ಐಲ್‌ತ್ಸೂಗ್', ಅವಸರದ ಗಾಡಿ. 'ಶ್ನೆಲ್‌ತ್ಸೂಗ್', ಬಿರುಸಿನ ಗಾಡಿ. ಆಮೇಲೆ 'ಬುಮ್ಮೆಲ್‌ತ್ಸೂಗ್', ಅಡ್ಡಾಡಿಕೊಂಡು ಎಲ್ಲ ಊರಲ್ಲೂ ನಿಂತು ಹೋಗುವ ಗಾಡಿ. ಮದುವೆ ಆದ ಹೊಸದರಲ್ಲಿ ತವರಿಗೆ ಹೋಗುತ್ತಿದ್ದದ್ದು ಆ ಗಾಡಿಯಲ್ಲೇ ಅಂದರು. ಕಿಟಕಿಯಿಂದ ಪ್ರತಿ ಊರಿನ ಚರ್ಚಿನ ಗೋಪುರ ಕಾಣುತ್ತಿತ್ತಂತೆ. ಲಕೋಟೆ ಈಗ ನನ್ನ ಮೇಜಿನ ಮೇಲೆ ಇದೆ. ಹಳಿಜಾಡು ಅವರೇ, ಆ ಕಾಲದ ವೇಳಾಪಟ್ಟಿ ಪುಸ್ತಕ ಹಳೇ ಸಾಮಾನಿನ ಸಂತೆಗಳಲ್ಲಿ ಸಿಗುತ್ತಾ? ಸಿಕ್ಕರೆ ಅಜ್ಜಿಗೆ ಕೊಡಬೇಕು ಅಂತ ಆಸೆ.