ಪದಚರ್ಚೆ: ರಷ್ಯನ್ ‘ಖ್ಲೇಬ್’ಗೆ ರೊಟ್ಟಿಯೋ ಬ್ರೆಡ್ಡೋ?

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ರಷ್ಯಾದ ಲೆನಿನ್‌ಗ್ರಾಡ್ ನಗರಕ್ಕೆ ಹಾಕಿದ ಮುತ್ತಿಗೆಯ ಕಥನದ ಅನುವಾದ ನಾಳೆಯೇ ಅಚ್ಚಿಗೆ ಹೋಗಬೇಕು ಅಂದಿದ್ದೀರಿ, ಹಾಗಾಗಿ ಮೊದಲು ಉತ್ತರ. ಬ್ರೆಡ್ ಅಂತಲೇ ಬರೆಯಿರಿ, ಮೊದಲ ಸಲ ‘ಕಪ್ಪು ಬ್ರೆಡ್’ ಅನ್ನಿ. ರೊಟ್ಟಿ ಅಂದ ಕೂಡಲೇ ನಮ್ಮ ಓದುಗರ ಕಣ್ಣಿಗೆ ತಟ್ಟಿದ ಜೋಳದ ರೊಟ್ಟಿ ಬರುತ್ತದೆ. 1941ರ ನವೆಂಬರ್ ಕೊನೆಯಲ್ಲಿ ಆ ಊರಿನ ಮಕ್ಕಳಿಗೆ ದಿನಕ್ಕೆ ಸಿಗುತ್ತಿದ್ದದ್ದು 125 ಗ್ರಾಂ, ಹಿಟ್ಟಿಗೆ ಹತ್ತಿಬೀಜದ ಹಿಂಡಿ, ಮರದಿಂದ ತೆಗೆದ ಸೆಲ್ಯುಲೋಸ್ ಎಲ್ಲ ಬೆರೆಸಿ ಬೇಯಿಸಿದ ಹಸಿಹಸಿ ತುಂಡು. ಅದನ್ನು ರೊಟ್ಟಿ ಅನ್ನೋಕೆ ನನಗಂತೂ ಮನಸ್ಸು ಬರುವುದಿಲ್ಲ.

‘ಉಬ್ಬುರೊಟ್ಟಿ’ ಸೂಚಿಸಿದವರಿಗೆ: ಬೇಡ. ಬ್ರೆಡ್ ಎರವಲು ಅನ್ನೋದು ತಾನೇ ತಕರಾರು? ಖ್ಲೇಬ್ ಕೂಡ ಎರವಲೇ. ರಷ್ಯನ್, ಪೋಲಿಷ್ ಮುಂತಾದವುಗಳ ಮೂಲಭಾಷೆಯಾದ ಮೂಲ ಸ್ಲಾವಿಕ್‌ಗೆ ವಿದ್ವಾಂಸರು ಊಹಿಸಿ ಕಟ್ಟಿರುವ ರೂಪ *ಖ್ಲೇಬು (ನಕ್ಷತ್ರ ಅಂದರೆ ಬರಹದಲ್ಲಿ ಸಿಕ್ಕಿಲ್ಲದ ರೂಪ). ಅದು ಇಂಗ್ಲಿಷ್, ಜರ್ಮನ್‌ಗಳ ಮೂಲವಾದ ಜರ್ಮ್ಯಾನಿಕ್‌ನ *ಹ್ಲೈಬಜ್‌ನಿಂದ ಬಂದದ್ದು. ಹಳೆಯ ಜರ್ಮ್ಯಾನಿಕ್ ಭಾಷೆ ಗೋಥಿಕ್‌ನ ಹ್ಲೈಫ್ಸ್, ಇಂಗ್ಲಿಷ್‌ನ ಲೋಫ್ ಎಲ್ಲ ಅದೇ ಮನೆತನ. ಸುಮ್ನೆ ಸಂಸ್ಕೃತ ಧಾತು ಹುಡುಕಬೇಡಿ, ಮೊದಲಕ್ಷರ ನೋಡಿ. ಲ್ಯಾಟಿನ್ ‘ಕೋರ್ನು’ ಇರುವಲ್ಲಿ ಇಂಗ್ಲಿಷ್‌ನಲ್ಲಿ ‘ಹಾರ್ನ್’ ಇದೆ, ಅಲ್ವಾ? ಹಳೆಯ ಕಕಾರ ಹಕಾರವಾದದ್ದು ಜರ್ಮ್ಯಾನಿಕ್‌ನಲ್ಲಿ, ಕನ್ನಡದಲ್ಲಿ ಪಾಲು ಹಾಲಾದ ಹಾಗೆ. ಈ ಭಾಷೆಗಳಿಗೆಲ್ಲ ಹಿರಿಯ ಭಾಷೆ ಒಂದೇ; ಅಲ್ಲಿಂದ ಸ್ಲಾವಿಕ್‌ಗೆ ಆ ಪದ ನೇರವಾಗಿ ಇಳಿದು ಬಂದಿದ್ದರೆ ಮೊದಲಿಗೆ ಕ ಅಥವಾ ಸ ಇರಬೇಕಿತ್ತು. ಇರೋದು ಖ. ಅಂದರೆ ಜರ್ಮ್ಯಾನಿಕ್‌ನಲ್ಲಿ ಹಕಾರ ಆದಮೇಲೆ ಅಲ್ಲಿಂದ ತೆಗೆದುಕೊಂಡಿದ್ದಾರೆ.

ಆಮೇಲೆ ಅದು ಮನೆಮಾತೇ ಆಯಿತು. ಪೋಲಿಷ್ ಖ್ಲೆಪ್, ಚೆಕ್ ಖ್ಲೇಪ್, ಬಲ್ಗೇರಿಯನ್ ಖ್ಲ್ಯಾಪ್, ಸರ್ಬಿಯನ್ ಖ್ಲೆಬ್. ಆದರೆ ಸ್ಲೊವೇನಿಯನ್‌ನವರು ‘ಖ್ಲೆಬ್’ ಅನ್ನು ಇಡೀ ಉಂಡೆಗಷ್ಟೇ ಉಳಿಸಿಕೊಂಡು, ತಿನ್ನುವ ಬ್ರೆಡ್‌ಗೆ ‘ಕ್ರುಖ್’ ಅನ್ನುತ್ತಾರೆ. ಇಷ್ಟು ಜನ ಎರವಲು ಪದದಲ್ಲೇ ಉಂಡು ಬೆಳೆದಿರುವಾಗ ನಾವು ಬ್ರೆಡ್‌ಗೆ ಮಡಿ ಮಾಡುವುದು ಯಾಕೆ?

ಒಂದು ಎಚ್ಚರಿಕೆ. ಎಲ್ಲ ಕಡೆ ಬ್ರೆಡ್ ಹಾಕಬೇಡಿ. ಹೊಲದಲ್ಲಿ ‘ಖ್ಲೆಬಾ’ ನಿಂತಿದೆ ಅಂದರೆ ಪೈರು. ಖ್ಲೇಬ್ ದುಡಿಯುವುದು ಅಂದರೆ ನಮ್ಮ ಅನ್ನ ದುಡಿಯುವುದು, ಅಲ್ಲಿ ಅನ್ನ ಅಂತಲೇ ಇರಲಿ. ಆದರೆ ಮುತ್ತಿಗೆಯ ಕಾರ್ಡಿನ ವಿಷಯ ಬಂದಾಗ ‘ಪಡಿತರ ಚೀಟಿ’ ಅಂತ ತೇಲಿಸಬೇಡಿ, ‘ಬ್ರೆಡ್ ಕಾರ್ಡ್’ ಅಂತ ಬರೆಯಿರಿ. ಅದು ಕಳೆದುಹೋದವರಿಗೆ ಸಾಮಾನ್ಯವಾಗಿ ಇನ್ನೊಂದು ಸಿಗುತ್ತಿರಲಿಲ್ಲ. ಹೋದದ್ದು ಬ್ರೆಡ್ ಅಂತ ಓದುಗರಿಗೆ ಗೊತ್ತಾಗಬೇಕು.