ನಾಲ್ಕು ನಿಮಿಷದ ಜಗಳ

ಮಂಗಳವಾರ ಬೆಳಿಗ್ಗೆ ಏಳಕ್ಕೆ ಬಸವನಗುಡಿಯ ಅತ್ತೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಹಾಕಿದರು. ಕೆಂಪು ವಾಹನ, ಪಕ್ಕದಲ್ಲಿ ಏನೋ ಒಂದು ಪಟ್ಟಿ, ಕೆಳಗೆ ದಪ್ಪಕ್ಷರದ ಕನ್ನಡ: “ಅಗ್ನಿಶಾಮಕ ದಳಕ್ಕೆ ಕರೆಗಳ ಮಹಾಪೂರ. ನಾಲ್ಕು ನಿಮಿಷದಲ್ಲಿ ಬರಬೇಕಾದವರು ಬರುತ್ತಿಲ್ಲ. ಬೆಂಗಳೂರಿಗರೇ, 101ಕ್ಕೆ ಕರೆ ಮಾಡಿ ಪ್ರಯೋಜನವಿಲ್ಲ.” ಅದರ ಕೆಳಗೆ ಅತ್ತೆಯದೇ ಒಂದು ಸಾಲು: “ನಾನು ಹೇಳಿದರೆ ಯಾರೂ ಕೇಳುವುದಿಲ್ಲ. ಇದನ್ನಾದರೂ ಓದಿ.”

ಅತ್ತೆಗೆ ಬೆಂಕಿಯ ಭಯ ಇಂದು ನಿನ್ನೆಯದಲ್ಲ. 1981ರ ಫೆಬ್ರುವರಿ 7ರಂದು ಇದೇ ಊರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿದು 92 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಅತ್ತೆ ಆಗ ಆ ಮಕ್ಕಳ ವಯಸ್ಸಿನವರೇ. ಇಂದಿಗೂ ಮಲಗುವ ಮುಂಚೆ ಸಿಲಿಂಡರಿನ ರೆಗ್ಯುಲೇಟರನ್ನು ಎರಡು ಸಲ ಮುಟ್ಟಿ ನೋಡುತ್ತಾರೆ. ಅವರು ಆ ಚಿತ್ರವನ್ನು ನಂಬಿದ್ದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಾಗಲಿಲ್ಲ. ಕಿಟ್ಟಿಗೆ ಆಯಿತು.

ಕಿಟ್ಟಿ: ಇದಕ್ಕೆ ಮೂಲ ಯಾವುದು ಅತ್ತೆ? ಹೇಳಿದವರು ಯಾರು? ಯಾವ ವರ್ಷದ್ದು?

ಅತ್ತೆ: ನನ್ನ ಸ್ನೇಹಿತೆ ಕಳುಹಿಸಿದ್ದು. ಅವಳ ಅಳಿಯ ಸರ್ಕಾರಿ ಕೆಲಸದಲ್ಲಿದ್ದಾನೆ.

ಕಿಟ್ಟಿ: ಅಳಿಯನನ್ನು ಮೂಲ ಎನ್ನಲು ಆಗುವುದಿಲ್ಲ. ಬಾಳೆದಿಂಡಿನ ರಸ ಕುಡಿದರೆ ಕಿಡ್ನಿಯ ಕಲ್ಲು ಕರಗುತ್ತದೆ ಎಂದು ಹಂಚಿದವರೂ ನೀವೇ. ಅದನ್ನು ನಂಬಿ ಚಿಕ್ಕಪ್ಪ ವೈದ್ಯರ ಬಳಿ ಹೋಗುವುದು ಒಂದು ತಿಂಗಳು ತಡವಾಯಿತು.

ದೊಡ್ಡಪ್ಪ: ಕಿಟ್ಟಿ, ಹಿರಿಯರೊಂದಿಗೆ ಮಾತನಾಡುವ ರೀತಿ ಇದಲ್ಲ. ಈಗಿನವರಿಗೆ ಎಲ್ಲಕ್ಕೂ ಸರ್ಕಾರವೇ ಓಡಿ ಬರಬೇಕು. ನಮ್ಮ ಕಾಲದಲ್ಲಿ ಒಂದು ಮನೆಗೆ ಬೆಂಕಿ ಬಿದ್ದರೆ ಇಡೀ ಬೀದಿ ಕೊಡ ಹಿಡಿದು ನಿಲ್ಲುತ್ತಿತ್ತು.

ಚಿಕ್ಕಪ್ಪ: ನನ್ನ ಕಲ್ಲಿನ ವಿಷಯ ಇಲ್ಲಿ ಬೇಡ. 2022ರಲ್ಲಿ ನಮ್ಮ ದಳಕ್ಕೆ 90 ಮೀಟರ್ ಎತ್ತರಕ್ಕೆ ಏರುವ ಏಣಿ ವಾಹನ ಬಂದಿದೆ. ಹೀಗಳೆಯುವವರು ಅದನ್ನೂ ಹಂಚಲಿ.

ಪುಟ್ಟಕ್ಕ: ಬೆಂಕಿ ಇಂಜಿನ್ ಎಂದ ಕೂಡಲೇ ಆಯುಧಪೂಜೆ ನೆನಪಾಯಿತು. ಅಪ್ಪ ನಮ್ಮನ್ನು ಠಾಣೆಗೆ ಕರೆದುಕೊಂಡು ಹೋಗುತ್ತಿದ್ದರು. ಬಾಳೆಕಂದು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿರುತ್ತಿದ್ದರು. ಗಂಟೆ ಬಾರಿಸಲು ನಮಗೂ ಬಿಡುತ್ತಿದ್ದರು. ಆ ಫೋಟೊ ಯಾರ ಬಳಿ ಇದೆ?

ಅಲ್ಲಿಂದ ಅರ್ಧ ಗಂಟೆ ಫೋಟೊದ ಹುಡುಕಾಟ. ಹಳೆಯ ಆಲ್ಬಂ ಯಾರ ಮನೆಗೆ ಹೋಯಿತು, ಯಾರು ಹಿಂತಿರುಗಿಸಲಿಲ್ಲ, ಅಜ್ಜನ ತಿಥಿಯ ದಿನ ಯಾರು ಯಾರಿಗೆ ಏನೆಂದರು ಎಂಬಲ್ಲಿಗೆ ಮಾತು ಮುಟ್ಟಿತು. ಅಷ್ಟು ಹೊತ್ತಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದವರು ಒಬ್ಬರೂ ಇರಲಿಲ್ಲ.

ನಾನು ನೋಡಿದೆ. ವಾಹನದ ಹಿಂದಿರುವ ನಕ್ಷೆ ಬೆಂಗಳೂರಿನದಲ್ಲ, ಅಮೆರಿಕದ ಯಾವುದೋ ನಗರದ್ದು. ಕರೆಗಳ ಪಟ್ಟಿಯಲ್ಲಿ ಅತಿ ಉದ್ದದ ಸಾಲಿನ ಮುಂದೆ “ವೈದ್ಯಕೀಯ” ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಎದೆನೋವು ಬಂದರೂ, ಅಜ್ಜ ಜಾರಿ ಬಿದ್ದರೂ ಅಲ್ಲಿ ಅಗ್ನಿಶಾಮಕ ವಾಹನವೇ ಹೋಗುತ್ತದೆ. ದೇಶದಾದ್ಯಂತ ಆ ದಳಗಳಿಗೆ ಬರುವ ಕರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥವೇ. ನಮ್ಮಲ್ಲಿ ಆ ಕರೆ 108ಕ್ಕೆ ಹೋಗುತ್ತದೆ. ನಾಲ್ಕು ನಿಮಿಷವೂ ಅಲ್ಲಿನ ಮಾನದಂಡವೇ. ಅದು ಠಾಣೆ ಬಿಟ್ಟ ಮೇಲಿನ ದಾರಿಯ ಸಮಯ ಮಾತ್ರ. ಕರೆ ಸ್ವೀಕರಿಸುವ, ಸಿದ್ಧರಾಗಿ ವಾಹನ ಹತ್ತುವ ಸಮಯ ಅದರಲ್ಲಿ ಸೇರಿಲ್ಲ. ನಮ್ಮ ಕೇಂದ್ರ ಗೃಹ ಸಚಿವಾಲಯಕ್ಕಾಗಿ ನಡೆದ ಅಧ್ಯಯನ ನಗರಗಳಿಗೆ 5ರಿಂದ 7 ನಿಮಿಷ, ಗ್ರಾಮೀಣ ಪ್ರದೇಶಗಳಿಗೆ 20 ನಿಮಿಷ ಎಂಬ ಗುರಿ ಇಟ್ಟುಕೊಂಡಿತ್ತು.

ಇಷ್ಟನ್ನೂ ಬರೆದು ಗುಂಪಿಗೆ ಹಾಕಿದೆ. ಕಿಟ್ಟಿ ಒಂದು ಹೆಬ್ಬೆರಳು ಒತ್ತಿದ. ದೊಡ್ಡಪ್ಪ ಬರೆದರು: “ಅಂಕಿಅಂಶ ಇರಲಿ. ಬೆಂಗಳೂರಿನಲ್ಲಿ ತಡವಾಗುವುದು ಸುಳ್ಳೇ? ಕಾರ್ಲ್‌ಟನ್ ಟವರ್ಸ್ ಮರೆತೆಯಾ?”

ಮರೆತಿಲ್ಲ. 2010ರ ಫೆಬ್ರುವರಿ 23. ಆ ಕಚೇರಿ ಕಟ್ಟಡದ ಮೇಲಿನ ಮಹಡಿಗಳಲ್ಲಿ ಹೊಗೆ ತುಂಬಿತು, ಹೊರಗೆ ಹೋಗುವ ದಾರಿ ಸಿಗದೆ ಕೆಲವರು ಕಿಟಕಿಯಿಂದ ಹಾರಿದರು, ಒಂಬತ್ತು ಮಂದಿ ಸತ್ತರು. ಒಳಗಿನ ದಾರಿಯೇ ಮುಚ್ಚಿದ್ದರೆ ಹೊರಗಿನ ವಾಹನ ಎಷ್ಟು ಬೇಗ ಬಂದು ಏನು ಮಾಡೀತು? ಈ ಪ್ರಶ್ನೆ ನನಗೆ ದೂರದ್ದಲ್ಲ. ಅದಕ್ಕೇ ಇಷ್ಟು ದಿನ ಗುಂಪಿನಲ್ಲಿ ಎತ್ತದ ಮಾತನ್ನು ಅಂದು ಎತ್ತಿದೆ.

ಹೋದ ಬೇಸಿಗೆಯಲ್ಲಿ ನಮ್ಮ ಮಗುವಿನ ನಾಮಕರಣ. ಬೆಂಗಳೂರಿನ ಶ್ರೀನಗರದ ನಮ್ಮ ಅಡ್ಡರಸ್ತೆಯಲ್ಲಿ ಎರಡು ಆಟೊ ಎದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಮಧ್ಯಾಹ್ನ 12:50ಕ್ಕೆ ಮೊದಲ ಪಂಕ್ತಿಗೆ ಎಲೆ ಹಾಕಿದ್ದೆವು. ಆಗ ಎದುರು ಮನೆಯ ಮೆಟ್ಟಿಲ ಕೆಳಗಿನ ಯುಪಿಎಸ್‌ನಿಂದ ಹೊಗೆ ಎದ್ದಿತು. ಹತ್ತಾರು ಜನ ಹೊರಗೆ ಬಂದೆವು. ಒಬ್ಬರು ಮನೆ ಮಾಲೀಕರಿಗೆ ಫೋನ್ ಮಾಡಿದರು, ಒಬ್ಬರು ವಿದ್ಯುತ್ ಕಚೇರಿಗೆ, ಇಬ್ಬರು ವಿಡಿಯೊ ತೆಗೆದರು. 101ಕ್ಕೆ ಯಾರಾದರೂ ಮಾಡಿರುತ್ತಾರೆ ಎಂದುಕೊಂಡವರಲ್ಲಿ ನಾನೂ ಒಬ್ಬ. ನನ್ನ ಮೊಬೈಲಿನಲ್ಲಿ ಆ ಕರೆ ದಾಖಲಾಗಿರುವುದು 1:02ಕ್ಕೆ. ವಾಹನ ನಮ್ಮ ರಸ್ತೆಯ ಮೂಲೆಗೆ ಬಂದದ್ದು 1:13ಕ್ಕೆ. ಮೂಲೆಯಲ್ಲಿ ಒಂದು ಬಿಳಿ ಕಾರು ನಿಂತಿತ್ತು. ವಾಹನ ಮುಂದೆ ಬಂತು, ಹಿಂದೆ ಹೋಯಿತು, ತಿರುಗಲಿಲ್ಲ. ಸಿಬ್ಬಂದಿ ಹೋಸ್ ಪೈಪಿನ ಸುರುಳಿಗಳನ್ನು ಹೆಗಲಿಗೇರಿಸಿಕೊಂಡು ಓಡಿ ಬಂದು, ಒಂದಕ್ಕೊಂದು ಜೋಡಿಸಿ ನೀರು ಬಿಟ್ಟಾಗ 1:19. ಅಷ್ಟರಲ್ಲಿ ಮೇಲಿನ ಮನೆಯ ಅಜ್ಜಿಯನ್ನು ಪಕ್ಕದವರು ತಾರಸಿಯಿಂದ ದಾಟಿಸಿದ್ದರು. ಅವರ ಸೀರೆಯ ಸೆರಗೆಲ್ಲ ಮಸಿ.

ಒಟ್ಟು 29 ನಿಮಿಷ. ಅದರಲ್ಲಿ ದಳದವರದು 11, ನಮ್ಮದು 18. 90 ಮೀಟರಿನ ಏಣಿ ಆ ಮೂಲೆಯಲ್ಲಿ ಏನು ಮಾಡುತ್ತಿತ್ತು ಚಿಕ್ಕಪ್ಪ ಎಂದೂ ಕೇಳಿದೆ.

ಗುಂಪು ಸ್ವಲ್ಪ ಹೊತ್ತು ಸುಮ್ಮನಿತ್ತು. ಬಿಳಿ ಕಾರು ಯಾರದೆಂದು ಎಲ್ಲರಿಗೂ ಗೊತ್ತು.

ದೊಡ್ಡಪ್ಪ: ನನ್ನ ಮಗನ ಕಾರಿನ ಮಾತು ಇಲ್ಲಿಗೇಕೆ ಬಂತು? ಶುಭಕಾರ್ಯಕ್ಕೆ ಕರೆದು, ವರ್ಷ ಕಳೆದ ಮೇಲೆ ಅವಮಾನ ಮಾಡುತ್ತೀಯಾ? ನಿಮ್ಮ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗ ತೋರಿಸಿದವರು ಯಾರಿದ್ದರು?

ಅತ್ತೆ: ನಾನು ಹಾಕಿದ್ದು ಬೆಂಕಿಯ ವಿಷಯ. ಜಗಳಕ್ಕೆ ನನ್ನನ್ನು ದೂರಬೇಡಿ.

ಪುಟ್ಟಕ್ಕ: ನಾಮಕರಣದ ಹೋಳಿಗೆ ಬಹಳ ಚೆನ್ನಾಗಿತ್ತು. ಬಿಡಿ ಈಗ.

ಗುಂಪಿನಲ್ಲಿ ವರ್ಷಕ್ಕೆರಡು ಬಾರಿ ಹಬ್ಬದ ಶುಭಾಶಯ ಮಾತ್ರ ಹಾಕುವ ಮೈಸೂರಿನ ಅಣ್ಣ, ಆ ಕಾರಿನ ಒಡೆಯ, ರಾತ್ರಿ ಹತ್ತಕ್ಕೆ ಬರೆದ: “ಕೀಲಿ ನನ್ನ ಜೇಬಿನಲ್ಲಿಯೇ ಇತ್ತು. ಎಲೆಯ ಮುಂದೆ ಕುಳಿತಿದ್ದೆ. ಸೈರನ್ ಕೇಳಿಸಿತು. ನನ್ನ ಕಾರು ಅಡ್ಡವಿರಬಹುದು ಎಂದು ಹೊಳೆಯಲಿಲ್ಲ.”

ದೊಡ್ಡಪ್ಪ ಅದಕ್ಕೆ ಏನೂ ಬರೆಯಲಿಲ್ಲ. ಮರುದಿನ ಅತ್ತೆ ನನಗೊಬ್ಬನಿಗೇ ಸಂದೇಶ ಕಳುಹಿಸಿದರು: “ಹಾಗಾದರೆ ಕರೆ ಮಾಡಬೇಕೋ ಬೇಡವೋ?” ಮಾಡಲೇಬೇಕು ಅತ್ತೆ, 101 ಅಥವಾ 112, ಹೊಗೆ ಕಂಡ ತಕ್ಷಣ, ಬೇರೆಯವರು ಮಾಡಿರುತ್ತಾರೆ ಎಂದು ಕಾಯದೆ ಎಂದೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಕ್ಯಾಲೆಂಡರಿನ ಫೋಟೊ ಬಂತು. ಅಂಚಿನಲ್ಲಿ ನೀಲಿ ಶಾಯಿಯಲ್ಲಿ ಎರಡು ಸಂಖ್ಯೆ. ಗಾಬರಿಯಲ್ಲಿ ಸ್ವಂತ ವಿಳಾಸವೇ ಬಾಯಿಗೆ ಬರುವುದಿಲ್ಲ, ಅಡ್ಡರಸ್ತೆ, ಹತ್ತಿರದ ಗುರುತು ಎರಡನ್ನೂ ಬರೆಯಿರಿ ಎಂದೆ. ಎರಡನೆಯ ಫೋಟೊದಲ್ಲಿ “ಗಣಪತಿ ಗುಡಿಯ ಹಿಂದೆ” ಎಂದೂ ಇತ್ತು.

ಕಾರಿನ ಬಗ್ಗೆ ಬರೆದದ್ದನ್ನು ಅಳಿಸು ಎಂದು ಅಮ್ಮ ಮೂರು ಸಲ ಹೇಳಿದ್ದಾರೆ. ನಾನು ಅಳಿಸುವುದಿಲ್ಲ.