ಆನ್ ಮಾಡಿದಾಗೆಲ್ಲ ಹಳೇ ತಾರೀಖು ತೋರಿಸುವ ಡೆಸ್ಕ್‌ಟಾಪ್

ಪ್ರಶ್ನೆ:
ಮನೆಯ ಹಳೇ ಡೆಸ್ಕ್‌ಟಾಪ್, ವಿಂಡೋಸ್ 10. ರಾತ್ರಿ ಗೋಡೆಯ ಸ್ವಿಚ್ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡಿದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ, ಆಮೇಲೆ ಯಾವ ಸೈಟ್ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಅಂತ ಬರುತ್ತದೆ. ವಿಂಡೋಸ್ ಹೊಸದಾಗಿ ಹಾಕಿಸಬೇಕಾ?

ಉತ್ತರ 1:
ಏನೂ ಬೇಡ ಮಾರಾಯ್ರೇ, ಸುಮ್ನೆ ದುಡ್ಡು ದಂಡ. ಮದರ್‌ಬೋರ್ಡ್ (ಒಳಗಿನ ಮುಖ್ಯ ಬೋರ್ಡ್) ಮೇಲೆ ನಾಣ್ಯದಂಥ ಸೆಲ್ ಇರುತ್ತದೆ, ಸಾಮಾನ್ಯವಾಗಿ ಸಿಆರ್2032, 3 ವೋಲ್ಟ್. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದೇ. ಬಹುಶಃ ಅದು ಮುಗಿದಿದೆ. ಪ್ಲಗ್ ಕಿತ್ತು ಪಕ್ಕದ ಕ್ಲಿಪ್ ಒತ್ತಿದರೆ ಸೆಲ್ ಎದ್ದು ಬರುತ್ತದೆ, ಹೊಸದನ್ನು ಹಳೆಯದು ಕೂತಿದ್ದ ಹಾಗೆಯೇ ಕೂರಿಸಿ, ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ತಾರೀಖು ಸರಿಮಾಡಿ ಸೇವ್ ಮಾಡಿ.

ಉತ್ತರ 2:
ಸೈಟ್ ಅಸಲಿ ಅಂತ ತೋರಿಸುವ ಸರ್ಟಿಫಿಕೇಟ್‌ಗೂ ವಾಯಿದೆ ಇರುತ್ತದೆ ಅಲ್ವಾ, ತಾರೀಖು ತಪ್ಪಿದ್ದರೆ ಬ್ರೌಸರ್ ಒಪ್ಪುವುದಿಲ್ಲ. ಸೆಲ್ ಸಿಗುವ ತನಕ ಸೆಟ್ಟಿಂಗ್ಸ್‌ನಲ್ಲಿ ಕೈಯಿಂದಲೇ ತಾರೀಖು ಹಾಕಿ, ಆಮೇಲೆ ಇಂಟರ್ನೆಟ್ ಸಮಯಕ್ಕೆ ಹೊಂದಿಸಲು 'ಸಿಂಕ್ ನೌ' ಒತ್ತಿ. ವ್ಯತ್ಯಾಸ ತುಂಬಾ ಜಾಸ್ತಿ ಇದ್ದರೆ ನೇರವಾಗಿ ಸಿಂಕ್ ಆಗದೇ ಇರಬಹುದು.

ಪ್ರಶ್ನೆ ಕೇಳಿದವರು:
ಸೆಲ್ ತೆಗೆದರೆ ಫೋಟೋ, ಫೈಲ್ ಹೋಗುತ್ತವಾ?

ಉತ್ತರ 1:
ಇಲ್ಲ ಇಲ್ಲ, ಅವು ಡಿಸ್ಕ್‌ನಲ್ಲಿ ಇರುತ್ತವೆ. ಬಯಾಸ್ ಸೆಟ್ಟಿಂಗ್ ಮಾತ್ರ ಕಂಪನಿಯಿಂದ ಬಂದಾಗ ಇದ್ದಂತಾಗಬಹುದು. ವಿಂಡೋಸ್ ಶುರುವಾಗದಿದ್ದರೆ ಅಲ್ಲೇ ಬೂಟ್ ಆರ್ಡರ್ (ಯಾವ ಡಿಸ್ಕ್ ಮೊದಲು ಶುರುವಾಗಬೇಕು ಅನ್ನೋ ಕ್ರಮ) ನೋಡಿ.